ಆಮ್ಲಜನಕದ ಜಾಗ: ತಾಮ್ರದ ಆಕ್ಸೈಡ್ ಅತಿವಾಹಕಗಳ ಸ್ಫಟಿಕ ರಚನೆ





1911ರಲ್ಲಿ ಹಾಲೆಂಡಿನ ಲೈಡನ್‌ನಲ್ಲಿ ಕಾಮರ್ಲಿಂಗ್ ಓನ್ನೆಸ್ ಪಾದರಸವನ್ನು ಸುಮಾರು 4.2 ಕೆಲ್ವಿನ್‌ಗೆ ತಣಿಸಿದಾಗ ಅದರ ವಿದ್ಯುತ್ ರೋಧ ಇಲ್ಲವಾಯಿತು. ಇದೇ ಅತಿವಾಹಕತೆ. ಅಲ್ಲಿಂದ 23 ಕೆಲ್ವಿನ್ ತಲುಪಲು ಆರು ದಶಕಗಳೇ ಬೇಕಾದವು. ಆಮೇಲೆ 1986ರಲ್ಲಿ ಜ್ಯೂರಿಕ್ ಬಳಿಯ ಐಬಿಎಂ ಪ್ರಯೋಗಾಲಯದ ಬೆಡ್ನೋರ್ಜ್ ಮತ್ತು ಮ್ಯುಲರ್ ಲ್ಯಾಂಥನಮ್, ಬೇರಿಯಂ, ತಾಮ್ರಗಳ ಆಕ್ಸೈಡಿನಲ್ಲಿ 30 ಕೆಲ್ವಿನ್ ದಾಟಿದರು. ಮರುವರ್ಷವೇ ಅವರಿಗೆ ನೊಬೆಲ್ ಬಂತು. ಅಷ್ಟರಲ್ಲಿ ಅಮೆರಿಕದಲ್ಲಿ ವೂ ಮತ್ತು ಚೂ ಅವರ ತಂಡಗಳು ಲ್ಯಾಂಥನಮ್ ಬದಲು ಇಟ್ರಿಯಂ ಹಾಕಿ 90 ಕೆಲ್ವಿನ್ ಮುಟ್ಟಿದ್ದವು. ದ್ರವ ಸಾರಜನಕ ಕುದಿಯುವುದು 77 ಕೆಲ್ವಿನ್‌ನಲ್ಲಿ. ದುಬಾರಿ ಹೀಲಿಯಂ ಇಲ್ಲದೆಯೂ ಅತಿವಾಹಕತೆಯನ್ನು ನೋಡುವ ಕಾಲ ಬಂದಿತ್ತು.

ಈ ಕಥೆಯನ್ನು ಉಷ್ಣಾಂಶದ ದಾಖಲೆಗಳ ಪಟ್ಟಿಯಾಗಿ ಹೇಳುವುದು ರೂಢಿ. ನಾನು ಇದನ್ನು ಪರಮಾಣುಗಳ ಜೋಡಣೆಯ ಕಥೆಯಾಗಿ ನೋಡುತ್ತೇನೆ. ಈ ವಸ್ತುಗಳಲ್ಲಿ ಅತಿವಾಹಕತೆ ನೆಲೆಸಿರುವುದು ತಾಮ್ರ-ಆಮ್ಲಜನಕದ ಪದರದಲ್ಲಿ. ಅದು ಎಷ್ಟು ಉಷ್ಣಾಂಶದವರೆಗೆ ತಾಳುತ್ತದೆ ಎಂಬುದನ್ನು ನಿರ್ಧರಿಸುವಲ್ಲಿ ನೆರೆಯ ಪದರಗಳ ಪಾತ್ರ ದೊಡ್ಡದು. ಇದೇ ಇವತ್ತಿನ ನನ್ನ ಮಾತಿನ ತಿರುಳು.

ಪದರ

ಮೊದಲು ಲ್ಯಾಂಥನಮ್ ಕ್ಯೂಪ್ರೇಟ್, ಅಂದರೆ ಲ್ಯಾಂಥನಮ್-ತಾಮ್ರದ ಆಕ್ಸೈಡ್, ತೆಗೆದುಕೊಳ್ಳೋಣ. ಇದರಲ್ಲಿ ಪ್ರತಿ ತಾಮ್ರದ ಸುತ್ತ ಒಂದೇ ಸಮತಲದಲ್ಲಿ ನಾಲ್ಕು ಆಮ್ಲಜನಕಗಳು ಸುಮಾರು 1.9 ಆಂಗ್‌ಸ್ಟ್ರಾಂ ದೂರದಲ್ಲಿವೆ. ಮೇಲೊಂದು, ಕೆಳಗೊಂದು ಆಮ್ಲಜನಕ ಇದ್ದರೂ ಅವು 2.4 ಆಂಗ್‌ಸ್ಟ್ರಾಂ ದೂರ ಸರಿದಿವೆ. ತಾಮ್ರದ ಅಯಾನಿನ ಎಲೆಕ್ಟ್ರಾನ್ ವಿನ್ಯಾಸವೇ ಈ ಹಿಗ್ಗುವಿಕೆಗೆ ಕಾರಣ. ಇದನ್ನು ಯಾನ್-ಟೆಲ್ಲರ್ ಪರಿಣಾಮ ಎನ್ನುತ್ತಾರೆ. ಹೀಗೆ ಚೌಕಳಿಯಂಥ ಪದರ ಬೇರೆಯಾಗಿ ನಿಲ್ಲುತ್ತದೆ.

ಶುದ್ಧ ರೂಪದಲ್ಲಿ ಇದು ಅವಾಹಕ. ಮೂರು ಧನ ಆವೇಶದ ಲ್ಯಾಂಥನಮ್ ಇರುವ ಕೆಲವು ಕಡೆ ಎರಡೇ ಆವೇಶದ ಬೇರಿಯಂ ಅಥವಾ ಸ್ಟ್ರಾನ್ಷಿಯಂ ಕೂರಿಸಿದರೆ ಲೆಕ್ಕ ಸರಿದೂಗಲು ತಾಮ್ರದ ಪದರ ಎಲೆಕ್ಟ್ರಾನ್ ಬಿಟ್ಟುಕೊಡಬೇಕಾಗುತ್ತದೆ. ಹಾಗೆ ಉಂಟಾದ ಕೊರತೆಗಳೇ ‘ರಂಧ್ರ’ಗಳು, ವಿದ್ಯುತ್ತನ್ನು ಒಯ್ಯುವುದು ಅವೇ. ಬದಲಾವಣೆ ಆದದ್ದು ಪಕ್ಕದ ಪದರದಲ್ಲಿ, ಫಲ ಕಂಡದ್ದು ತಾಮ್ರದ ಪದರದಲ್ಲಿ.

ಇದೇ ಬಗೆಯ ಪದರ ರಚನೆಯ ಆಕ್ಸೈಡುಗಳನ್ನು ಬೆಂಗಳೂರಿನವರೇ ಆದ ಸಿ.ಎನ್.ಆರ್. ರಾವ್ ಅವರು ಪಿ. ಗಂಗೂಲಿ ಅವರೊಡನೆ 1970ರ ದಶಕದಿಂದಲೇ ಅಭ್ಯಾಸ ಮಾಡಿದ್ದರು. ಆ ತಯಾರಿ ಮುಂದೆ ಕೆಲಸಕ್ಕೆ ಬಂತು.

ಕಪ್ಪು ಮತ್ತು ಹಸಿರು

1987ರ ಆರಂಭದ ಇಟ್ರಿಯಂ ಮಾದರಿಗಳು ಮಿಶ್ರಣಗಳಾಗಿದ್ದವು: ಒಂದು ಭಾಗ ಕಪ್ಪು, ಇನ್ನೊಂದು ಹಸಿರು. ಹಸಿರು ಭಾಗ ಅವಾಹಕ. ಕಪ್ಪು ಭಾಗದಲ್ಲಿ ಇಟ್ರಿಯಂ, ಬೇರಿಯಂ, ತಾಮ್ರ 1:2:3 ಪ್ರಮಾಣದಲ್ಲಿವೆ, ಅತಿವಾಹಕ ಅದೇ ಎಂದು ಕೆಲವೇ ವಾರಗಳಲ್ಲಿ ಹಲವು ತಂಡಗಳು ಕಂಡುಕೊಂಡವು. ಅವುಗಳಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ರಾವ್ ಅವರ ತಂಡವೂ ಒಂದು. ಅವರ ಪ್ರಬಂಧ ಅದೇ ವರ್ಷ ‘ನೇಚರ್’ನಲ್ಲಿ ಪ್ರಕಟವಾಯಿತು.

ಇನ್ನು ಆಮ್ಲಜನಕಗಳು ಎಲ್ಲಿವೆ? ಎಕ್ಸ್-ಕಿರಣಗಳನ್ನು ಚದುರಿಸುವುದು ಎಲೆಕ್ಟ್ರಾನುಗಳು. ಬೇರಿಯಂನಲ್ಲಿ 56, ಆಮ್ಲಜನಕದಲ್ಲಿ ಬರೀ 8. ಭಾರದ ಪರಮಾಣುಗಳ ನಡುವೆ ಆಮ್ಲಜನಕ ಸರಿಯಾಗಿ ಕಾಣುವುದಿಲ್ಲ. ನ್ಯೂಟ್ರಾನುಗಳು ಚದುರುವುದು ಪರಮಾಣು ಬೀಜದಿಂದ, ಹಾಗಾಗಿ ಅವಕ್ಕೆ ಆಮ್ಲಜನಕ ಚೆನ್ನಾಗಿಯೇ ಕಾಣುತ್ತದೆ. ನ್ಯೂಟ್ರಾನ್ ಪ್ರಯೋಗಗಳು ಜಾಗಗಳನ್ನು ಖಚಿತಪಡಿಸಿದವು.

ಪೆರೋವ್‌ಸ್ಕೈಟ್ ಎಂಬ ಆಕ್ಸೈಡ್ ರಚನೆಯ ಮೂರು ಘನಗಳನ್ನು ಒಂದರ ಮೇಲೊಂದು ಇಟ್ಟರೆ ಒಂಬತ್ತು ಆಮ್ಲಜನಕಗಳಿಗೆ ಜಾಗವಿದೆ. ಈ ಸ್ಫಟಿಕದಲ್ಲಿ ತುಂಬಿರುವುದು ಏಳು. ಇಟ್ರಿಯಂ ಮಟ್ಟದ ಜಾಗ ಖಾಲಿ, ಹಾಗಾಗಿ ಅದರ ಮೇಲೆ ಕೆಳಗೆ ಎರಡು ತಾಮ್ರ-ಆಮ್ಲಜನಕ ಪದರಗಳು ಎದುರುಬದುರು ನಿಲ್ಲುತ್ತವೆ. ಇನ್ನೊಂದು ಖಾಲಿ ಜಾಗ ಬೇರಿಯಂ ಪದರಗಳ ಆಚೆಯ ತಾಮ್ರದ ಮಟ್ಟದಲ್ಲಿದೆ. ಅಲ್ಲಿ ಆಮ್ಲಜನಕ ಒಂದೇ ದಿಕ್ಕಿನಲ್ಲಿ ಸಾಲುಗಟ್ಟಿ ಸರಪಳಿಯಾಗುತ್ತದೆ. ಅದರಿಂದಲೇ ಸ್ಫಟಿಕದ ಮೂಲ ಘಟಕದ ಒಂದು ಬದಿ 3.82, ಇನ್ನೊಂದು 3.89 ಆಂಗ್‌ಸ್ಟ್ರಾಂ.

ಕುಲುಮೆಯ ಪಾಠ

ಈ 1:2:3 ವಸ್ತುವನ್ನು ಎಂ.ಎಸ್ಸಿ. ಪ್ರಯೋಗಾಲಯದಲ್ಲೂ ತಯಾರಿಸಬಹುದು. ಇಟ್ರಿಯಂ ಆಕ್ಸೈಡ್, ಬೇರಿಯಂ ಕಾರ್ಬೊನೇಟ್, ತಾಮ್ರದ ಆಕ್ಸೈಡ್‌ಗಳನ್ನು ತೂಗಿ, ನುಣ್ಣಗೆ ಅರೆದು, 900 ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ ಕಾಯಿಸಿ, ಮತ್ತೆ ಅರೆದು, ಬಿಲ್ಲೆ ಒತ್ತಿ ಮತ್ತೆ ಕಾಯಿಸಬೇಕು. ಇಲ್ಲಿಗೆ ಕೆಲಸ ಮುಗಿಯಿತೆಂದು ಬಿಲ್ಲೆಯನ್ನು ಥಟ್ಟನೆ ತಣಿಸಿದರೆ ಅದು ಅತಿವಾಹಕವಾಗುವುದಿಲ್ಲ. ಆ ಶಾಖದಲ್ಲಿ ಸರಪಳಿಯ ಆಮ್ಲಜನಕ ಹೊರಟುಹೋಗಿರುತ್ತದೆ. ಆಮ್ಲಜನಕ ಹರಿಸುತ್ತಾ 400–500 ಡಿಗ್ರಿಗಳ ನಡುವೆ ಸಾವಕಾಶವಾಗಿ ಇಳಿಸಿದರೆ ಅದು ಮರಳಿ ಒಳಹೊಕ್ಕು ಸಾಲು ಕಟ್ಟುತ್ತದೆ.

ಆಮ್ಲಜನಕದ ಸಂಖ್ಯೆ ಏಳಕ್ಕೆ ಹತ್ತಿರವಿದ್ದರೆ ಅತಿವಾಹಕತೆಯ ಮಿತಿ 90 ಕೆಲ್ವಿನ್; 6.6ರ ಆಸುಪಾಸಿನಲ್ಲಿ 60, 6.4ಕ್ಕಿಂತ ಕೆಳಗಿಳಿದರೆ ಅತಿವಾಹಕತೆಯೇ ಇಲ್ಲ. ತಾಮ್ರದ ಪದರವನ್ನು ಯಾರೂ ಮುಟ್ಟಿಲ್ಲ. ಸರಪಳಿಯ ಆಮ್ಲಜನಕ ಎಲೆಕ್ಟ್ರಾನುಗಳನ್ನು ಸೆಳೆದುಕೊಂಡರೆ ಪದರಕ್ಕೆ ರಂಧ್ರಗಳು ಸಿಗುತ್ತವೆ, ಅಷ್ಟೆ.

ಒಂದೇ ಪದರ, ಬೇರೆ ನೆರೆ

ಸ್ಟ್ರಾನ್ಷಿಯಂ ಬೆರೆತ ಲ್ಯಾಂಥನಮ್ ಕ್ಯೂಪ್ರೇಟ್‌ನಲ್ಲಿರುವುದು ಬಿಡಿ ಬಿಡಿಯಾದ ಪದರಗಳು. ಮಿತಿ 38 ಕೆಲ್ವಿನ್ ಸುಮಾರು. ಪಾದರಸ-ಬೇರಿಯಂ ಕ್ಯೂಪ್ರೇಟ್‌ನಲ್ಲೂ ಬಿಡಿ ಪದರಗಳೇ. ಮಿತಿ 94ಕ್ಕೂ ಮೇಲೆ. ಎರಡನೆಯದರಲ್ಲಿ ಪದರ ಹೆಚ್ಚು ಸಪಾಟಾಗಿದೆ, ಮೇಲಿನ ಆಮ್ಲಜನಕ ಸುಮಾರು 2.8 ಆಂಗ್‌ಸ್ಟ್ರಾಂ ದೂರದಲ್ಲಿದೆ. ಅದೇ ಕುಟುಂಬದಲ್ಲಿ ಮೂರು ಪದರಗಳನ್ನು ಒತ್ತಾಗಿ ಜೋಡಿಸಿದಾಗ 1993ರಲ್ಲಿ 133 ಕೆಲ್ವಿನ್ ಸಿಕ್ಕಿತು. ನಾಲ್ಕನೆಯದನ್ನು ಸೇರಿಸಿದರೆ ಮತ್ತೆ ಇಳಿಯುತ್ತದೆ. ಒಳಗಿನ ಪದರಗಳಿಗೆ ರಂಧ್ರಗಳು ಸಾಕಷ್ಟು ತಲುಪುವುದಿಲ್ಲ.

ಅತಿವಾಹಕದಲ್ಲಿ ಎಲೆಕ್ಟ್ರಾನುಗಳು ಜೋಡಿಯಾಗಿ ಹರಿಯುತ್ತವೆ. ಈ ವಸ್ತುಗಳಲ್ಲಿ ಅವು ಏಕೆ ಜೋಡಿಯಾಗುತ್ತವೆ ಎಂಬುದಕ್ಕೆ ಎಲ್ಲರೂ ಒಪ್ಪಿದ ಸಿದ್ಧಾಂತ ಇನ್ನೂ ಬಂದಿಲ್ಲ. ಬಂದಾಗ ಅದು ಈ ಅಂತರಗಳಿಗೂ ಉತ್ತರ ಕೊಡಬೇಕು.

ವಿದ್ಯಾರ್ಥಿಗಳಿಗೆ ಒಂದು ಮಾತು. 2023ರಲ್ಲಿ ದಕ್ಷಿಣ ಕೊರಿಯಾದಿಂದ, ತಾಮ್ರ ಬೆರೆತ ಸೀಸದ ಸಂಯುಕ್ತವೊಂದು ಕೋಣೆಯ ಉಷ್ಣಾಂಶದಲ್ಲೇ ಅತಿವಾಹಕ ಎಂಬ ಸುದ್ದಿ ಬಂತು. ಮಾದರಿಯಲ್ಲಿ ತಾಮ್ರದ ಸಲ್ಫೈಡ್ ಬೆರೆತಿತ್ತು. ರೋಧ ಕುಸಿದದ್ದು ಅದರ ರಚನೆ ಬದಲಾದದ್ದರಿಂದ. ಶುದ್ಧ ಹರಳು ಬೆಳೆಸಿ ನೋಡಿದರೆ ಅದು ಅವಾಹಕ. 1987ರಲ್ಲಿ ಕಪ್ಪನ್ನು ಹಸಿರಿನಿಂದ ಬೇರ್ಪಡಿಸಿದವರು ಕೇಳಿದ ಪ್ರಶ್ನೆಯೇ ಇಲ್ಲಿಯೂ ಸತ್ಯವನ್ನು ಹೊರಗೆಳೆಯಿತು: ಬಟ್ಟಲಿನಲ್ಲಿರುವ ವಸ್ತು ಯಾವುದು, ಅದರ ಪರಮಾಣುಗಳು ಎಲ್ಲಿವೆ? ಮುಂದಿನ ಅತಿವಾಹಕದ ಸುದ್ದಿ ಬಂದಾಗ ನೀವು ಮೊದಲು ಕೇಳಬೇಕಾದದ್ದೂ ಇದನ್ನೇ. ಉಷ್ಣಾಂಶದ ಅಂಕಿ ಆಮೇಲೆ.