ಬಸ್ಸು ಬರುವ ತನಕ



ಚಿತ್ರದುರ್ಗದ ಬಸ್ ನಿಲ್ದಾಣದಲ್ಲಿ ಕಾಯುವ ಹೊತ್ತಿಗೊಂದು ಒಗಟು. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ: ಜಿಲ್ಲೆಯ ಆರು ತಾಲ್ಲೂಕುಗಳಲ್ಲಿ ಈ ಮೂರರ ಮೊದಲಕ್ಷರ ‘ಹ’ಕಾರ. ಮೂರನ್ನೂ ಬಿಡಿಸುವ ಕೀಲಿಕೈ ಒಂದೇ. ಯಾವುದು?

ಹಳಗನ್ನಡದ ‘ಪ’ಕಾರ. ಹಿರಿಯ ಎಂಬುದು ಪಿರಿಯ, ಹೊಸ ಎಂಬುದು ಪೊಸ. ಹೊಳಲು ಎಂಬುದು ಪೊಳಲ್, ಅಂದರೆ ಪಟ್ಟಣ. ಹಾಲು, ಹೂವು, ಹಲ್ಲುಗಳಿಗೂ ಇದನ್ನೇ ಹಚ್ಚಿ ನೋಡಿ. ಹಂಸಕ್ಕೆ ಮಾತ್ರ ಬೇಡ, ಅದು ಸಂಸ್ಕೃತದ ಹಕ್ಕಿ!

ಇನ್ನು ಲೆಕ್ಕವೆಂದರೆ ಬೆದರುವವರಿಗೂ ಒಗ್ಗುವ ಅಂಕಿಯಾಟ. ಎದುರಿಗೆ ನಿಂತ ಕೆಎ-16 ವಾಹನದ ಸಂಖ್ಯೆ 3524 ಎಂದಿಟ್ಟುಕೊಳ್ಳಿ. ಅಂಕಿಗಳನ್ನು ಇಳಿಕೆಯಲ್ಲಿ ಬರೆದರೆ 5432, ಏರಿಕೆಯಲ್ಲಿ 2345, ಕಳೆದರೆ 3087. ಹಾಗೆಯೇ 8730ರಲ್ಲಿ 0378 ಕಳೆದರೆ 8352 (ಸೊನ್ನೆಯನ್ನು ಬಿಡಬಾರದು). 8532ರಲ್ಲಿ 2358 ಕಳೆದರೆ 6174. ಅಲ್ಲಿಂದಾಚೆ ಎಷ್ಟು ಸಲ ಮಾಡಿದರೂ 6174 ಕದಲದು. ನಾಲ್ಕೂ ಅಂಕಿಗಳು ಒಂದೇ ಆಗಿರದಿದ್ದರೆ ಸರಿ, ಹೆಚ್ಚೆಂದರೆ ಏಳು ಹೆಜ್ಜೆಗಳಲ್ಲಿ ಯಾವ ಸಂಖ್ಯೆಯಾದರೂ ಇಲ್ಲಿಗೇ ಬರುತ್ತದೆ.

1949ರಲ್ಲಿ ಇದನ್ನು ಕಂಡವರು ನಾಸಿಕದ ಬಳಿಯ ದೇವಳಾಲಿಯ ಶಾಲಾ ಮೇಷ್ಟ್ರು ಡಿ. ಆರ್. ಕಾಪ್ರೇಕರ್. 1975ರಲ್ಲಿ ಅಮೆರಿಕದ ಮಾರ್ಟಿನ್ ಗಾರ್ಡ್ನರ್ ಅವರ ಬಗ್ಗೆ ಬರೆದರು. ಆಗ ಹೊರಜಗತ್ತು ಮೇಷ್ಟ್ರತ್ತ ತಿರುಗಿ ನೋಡಿತು.

ಮೂರಂಕಿಗಳಿಗೂ ಇಂಥದೊಂದು ಕೊನೆಯ ನಿಲ್ದಾಣವಿದೆ. ಅದನ್ನು ನೀವೇ ಹುಡುಕಿ, ನಾನು ಹೇಳುವುದಿಲ್ಲ.