ಮದ್ದು ಸೋತದ್ದು ಹೇಗೆ?



ಮಾತ್ರೆಗೆ ರೋಗ ಬಗ್ಗದಿದ್ದರೆ ಮೈ ಮದ್ದಿಗೆ ಒಗ್ಗಿಹೋಗಿದೆ ಎಂದು ನಮ್ಮ ಜನ ಹೇಳುವುದುಂಟು. ಮದ್ದಿಗೆ ಜಗ್ಗದಿರುವುದು ಮೈಯಲ್ಲ, ಮೈಯೊಳಗಿನ ಕ್ರಿಮಿ. ಕ್ರಿಮಿ ಈ ವಿದ್ಯೆಯನ್ನು ಎಲ್ಲಿಂದ ಕಲಿಯಿತೆಂಬುದನ್ನು ಜಪಾನ್ ದೇಶದ ಅನುಭವ ತೋರಿಸಿಕೊಟ್ಟಿದೆ.

ರಕ್ತಭೇದಿಯ ಕ್ರಿಮಿಯನ್ನು 1897ರಲ್ಲಿ ಕಂಡುಹಿಡಿದವರು ಜಪಾನಿನ ಕಿಯೋಶಿ ಶಿಗಾ. ಅವರ ಹೆಸರಿನಿಂದಲೇ ಅದು ಶಿಗೆಲ್ಲಾ ಎನಿಸಿತು. ಎರಡನೆಯ ಮಹಾಯುದ್ಧದ ತರುವಾಯ ಅಲ್ಲಿ ಈ ಬೇನೆಗೆ ಸಲ್ಫಾ ಮಾತ್ರೆಗಳನ್ನು ಧಾರಾಳವಾಗಿ ಕೊಟ್ಟರು. ಕೆಲವೇ ವರ್ಷಗಳಲ್ಲಿ ಅವು ನಾಟದಾದವು. ಆಮೇಲೆ ಸ್ಟ್ರೆಪ್ಟೊಮೈಸಿನ್, ಟೆಟ್ರಾಸೈಕ್ಲಿನ್, ಕ್ಲೋರಾಂಫೆನಿಕಾಲ್ ಬಂದವು. 1950ರ ದಶಕದ ನಡುವೆ ಈ ನಾಲ್ಕಕ್ಕೂ ಜಗ್ಗದ ಕ್ರಿಮಿ ಕಾಣಿಸಿಕೊಂಡಿತು.

ಒಂದು ಮದ್ದನ್ನು ತಡೆಯುವಂತೆ ಕ್ರಿಮಿ ತಾನಾಗಿ ಮಾರ್ಪಡುವುದು ಅಪರೂಪಕ್ಕೆ ಉಂಟು. ಒಟ್ಟಿಗೇ ನಾಲ್ಕನ್ನು ತಡೆದದ್ದು ಹೇಗೆ? 1959ರಲ್ಲಿ ಕುನಿತಾರೊ ಒಚಿಯಾಯ್ ಮತ್ತು ತೊಮೊಯಿಚಿರೊ ಅಕಿಬಾ ಅವರ ತಂಡಗಳು ಉತ್ತರ ಕೊಟ್ಟವು. ನಮ್ಮೆಲ್ಲರ ಕರುಳಿನಲ್ಲಿ ಇ. ಕೋಲಿ ಎಂಬ ಕ್ರಿಮಿ ವಾಸಿಸುತ್ತದೆ. ಬಹುಮಟ್ಟಿಗೆ ಅದು ನಿರುಪದ್ರವಿ. ಮದ್ದುಗಳನ್ನು ಗೆದ್ದ ಇ. ಕೋಲಿಯೊಡನೆ, ಗೆಲ್ಲಲಾರದ ಶಿಗೆಲ್ಲಾವನ್ನು ಬೆರೆಸಿಟ್ಟಾಗ ಶಿಗೆಲ್ಲಾವೂ ಗೆಲ್ಲುವಂತಾಯಿತು. ಕ್ರಿಮಿಗೆ ಕ್ರಿಮಿ ತಾಗಿದಾಗ, ಪ್ಲಾಸ್ಮಿಡ್ ಎಂಬ ಉಂಗುರದಂಥ ವಂಶವಾಹಿ ತುಣುಕಿನ ಪ್ರತಿಯೊಂದು ದಾಟಿಹೋಗುತ್ತದೆ. ದೀಪದಿಂದ ದೀಪ ಹಚ್ಚಿದಂತೆ, ಕೊಟ್ಟದ್ದಕ್ಕೆ ನಷ್ಟವಿಲ್ಲ.

ಇದರ ಅರ್ಥವೇನು? ನೆಗಡಿಗೆಂದು ಒಬ್ಬನು ವೃಥಾ ನುಂಗಿದ ಆಂಟಿಬಯೋಟಿಕ್ ಮಾತ್ರೆ ಅವನ ಕರುಳಿನ ದುರ್ಬಲ ಕ್ರಿಮಿಗಳನ್ನು ಕೊಂದು, ಗಟ್ಟಿಯಾದವುಗಳಿಗೆ ಜಾಗ ಮಾಡಿಕೊಡುತ್ತದೆ. ಅವು ಮಲದೊಡನೆ ಹಳ್ಳ, ಬಾವಿಗಳಿಗೆ ಇಳಿದು ನೆರೆಮನೆಯ ಮಗುವಿನ ಹೊಟ್ಟೆ ಸೇರಬಲ್ಲವು. ಬೇಗ ಕೊಬ್ಬಲೆಂದು ಕೋಳಿ, ಹಂದಿಗಳ ಆಹಾರದಲ್ಲಿ ಮದ್ದು ಬೆರೆಸಿದರೂ ಇದೇ ಗತಿ. ಬೇರೆಲ್ಲ ಸೋತಾಗ ವೈದ್ಯರು ಬಳಸುವ ಮದ್ದು ಕೊಲಿಸ್ಟಿನ್. ಅದನ್ನೂ ಸೋಲಿಸುವ ಪ್ಲಾಸ್ಮಿಡ್ ಚೀನಾದ ಹಂದಿಗಳಲ್ಲಿಯೂ ರೋಗಿಗಳಲ್ಲಿಯೂ ಇದ್ದುದು 2015ರಲ್ಲಿ ಬೆಳಕಿಗೆ ಬಂದಿತು. ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಅದನ್ನು ಕೊಡುವುದನ್ನು ಭಾರತ ಸರ್ಕಾರ 2019ರಲ್ಲಿ ನಿಷೇಧಿಸಿತು.

ಮಾತ್ರೆ ಕೊಂಡವನದು, ಅದರ ಶಕ್ತಿ ಮಾತ್ರ ಎಲ್ಲರ ಸೊತ್ತು. ವೈದ್ಯರಿಲ್ಲದ ಊರಿನಲ್ಲಿ ಔಷಧದಂಗಡಿಯವನೇ ವೈದ್ಯ. ಒಂದು ದಿನದ ಕೂಲಿಯನ್ನೂ ಬಿಡಲಾರದವನು ಅವನನ್ನಲ್ಲದೆ ಇನ್ನಾರನ್ನು ಕೇಳಬೇಕು? ಆ ಬಡವನನ್ನು ಬೈದು ಫಲವಿಲ್ಲ. ಊರೂರಿಗೂ ಶುದ್ಧ ನೀರು, ಶೌಚಾಲಯ, ಚೀಟಿ ಬರೆದುಕೊಡುವ ವೈದ್ಯರು ಬೇಕೆಂದು ನಾವು ಒಟ್ಟಾಗಿ ಕೇಳೋಣ. ಅಲ್ಲಿಯವರೆಗೆ ನಮ್ಮ ಕೈಲಾದುದನ್ನು ನಾವೇ ಮಾಡೋಣ: ಚೀಟಿಯಿಲ್ಲದೆ ಈ ಮಾತ್ರೆಗಳನ್ನು ಕೊಳ್ಳುವುದು ಬೇಡ, ಉಳಿದುದನ್ನು ನೆರೆಯವರಿಗೆ ಹಂಚುವುದೂ ಬೇಡ. ಭೇದಿಯಾದ ಮಗುವಿಗೆ ಮೊದಲು ಓಆರ್‌ಎಸ್ ನೀರು ಕುಡಿಸೋಣ. ರಕ್ತ ಕಂಡರೆ ತಡಮಾಡದೆ ವೈದ್ಯರಲ್ಲಿಗೆ ಹೋಗೋಣ.