ನೀರಿಗೆ ಕಾಲಿಟ್ಟ ಮೇಲೆ

(ಶತಮಾನೋತ್ಸವದ ನವದಿನ ಪ್ರಾರ್ಥನೆಯ ಐದನೆಯ ಸಂಜೆ ನಮ್ಮ ದೇವಾಲಯದಲ್ಲಿ ನೀಡಿದ ಪ್ರಬೋಧನೆ)



ಇಂದಿನ ಸಂಜೆಗೆ ಗೊತ್ತುಮಾಡಿರುವ ವಿಷಯ ‘ಭಯ ಮತ್ತು ವಿಶ್ವಾಸ’. ಶತಮಾನೋತ್ಸವ ಸಮಿತಿಯವರು ವಿಷಯಗಳ ಪಟ್ಟಿಯನ್ನು ತಂದು ತೋರಿಸಿದಾಗ, ಇದೊಂದನ್ನು ಹೊರಗಿನಿಂದ ಬರುವ ಬೇರೆ ಗುರುಗಳಿಗೆ ಒಪ್ಪಿಸಿಬಿಡೋಣವೆಂದು ನಾವು ಯೋಚಿಸಿದ್ದುಂಟು. ಏಕೆಂದರೆ ಈ ವಿಷಯದಲ್ಲಿ ನಿಮ್ಮ ಮುಂದೆ ನಾವು ಹೇಳಿಕೊಳ್ಳಬೇಕಾದ ಮಾತೊಂದು ಬಾಕಿ ಉಳಿದಿದೆ. ಅದನ್ನು ಕೊನೆಯಲ್ಲಿ ಹೇಳುತ್ತೇವೆ.

ಇಸ್ರಯೇಲರು ಕೆಂಪು ಸಮುದ್ರವನ್ನು ದಾಟಿದ ಪ್ರಸಂಗ ನಮ್ಮ ಧರ್ಮೋಪದೇಶದ ತರಗತಿಯ ಚಿಕ್ಕ ಮಕ್ಕಳಿಗೂ ಗೊತ್ತು. ಹಿಂದೆ ಫರೋಹನ ರಥಗಳು, ಮುಂದೆ ನೀರು. ಮೋಶೆ ಕೈ ಚಾಚಿದನು, ರಾತ್ರಿಯೆಲ್ಲಾ ಮೂಡಣ ಗಾಳಿ ಬೀಸಿತು, ದಾರಿ ತೆರೆಯಿತು, ಜನರು ನಡೆದರು. ನಲವತ್ತು ವರ್ಷಗಳ ತರುವಾಯ ಅವರ ಮಕ್ಕಳು ಜೋರ್ಡನ್ ನದಿಯ ದಡಕ್ಕೆ ಬಂದಾಗ ನಡೆದುದು ಬೇರೆ ತೆರ. ಅದು ಸುಗ್ಗಿಯ ಕಾಲ; ನದಿ ದಡ ಮೀರಿ ಹರಿಯುತ್ತಿತ್ತು. ಯೆಹೋಶುವನ ಗ್ರಂಥದ ಮೂರನೆಯ ಅಧ್ಯಾಯವನ್ನು ಈ ರಾತ್ರಿ ಮನೆಯಲ್ಲಿ ಜಪಸರದ ನಂತರ ಓದಿ ನೋಡಿರಿ. ಇಲ್ಲಿ ದಾರಿ ಮೊದಲು ತೆರೆಯಲಿಲ್ಲ. ಒಡಂಬಡಿಕೆಯ ಮಂಜೂಷವನ್ನು ಹೊತ್ತ ಯಾಜಕರು ತುಂಬಿದ ಹೊಳೆಯನ್ನು ನೋಡುತ್ತಲೇ ಮುಂದೆ ನಡೆಯಬೇಕಾಯಿತು. ಅವರ ಪಾದಗಳು ಅಂಚಿನ ನೀರಿನಲ್ಲಿ ನೆನೆದ ಮೇಲೆಯೇ ಮೇಲಿನಿಂದ ಬರುತ್ತಿದ್ದ ಪ್ರವಾಹ ನಿಂತಿತು. ಅಲ್ಲಿಯವರೆಗೆ ಅವರ ಕಣ್ಣಿಗೆ ಕಂಡದ್ದು ನೀರು ಮಾತ್ರ. ಕೈಯಲ್ಲಿದ್ದುದು ದೇವರ ವಾಗ್ದಾನ.

ಗುರುಮಠದಲ್ಲಿ ಈ ಭಾಗವನ್ನು ನಾವು ಪರೀಕ್ಷೆಗಾಗಿ ಓದಿದೆವು, ಉತ್ತೀರ್ಣರೂ ಆದೆವು. ಆದರೆ ಇದರ ಮುಂದಿನ ಅಧ್ಯಾಯದಲ್ಲಿರುವ ಸಂಗತಿಯೊಂದು ಬಹಳ ವರ್ಷ ನಮ್ಮ ಕಣ್ಣಿಗೆ ಬೀಳಲಿಲ್ಲ. ಮೊದಲು ನೀರಿಗಿಳಿದ ಆ ಯಾಜಕರು ಮೊದಲು ಆಚೆ ದಡಕ್ಕೆ ಹತ್ತಿದವರಲ್ಲ. ಮುದುಕರು, ಬಸುರಿಯರು, ಕಂಕುಳಲ್ಲಿ ಕೂಸನ್ನು ಹೊತ್ತವರು, ಎಲ್ಲರೂ ದಾಟುವ ತನಕ ಅವರು ನಡುಹೊಳೆಯಲ್ಲಿ ನಿಂತೇ ಇದ್ದರು. ಕಟ್ಟಕಡೆಗೆ ಅವರು ಮೇಲೆ ಬಂದರು. ಹೊಳೆ ಮೊದಲಿನಂತೆ ಹರಿಯಿತು. ಗುರುದೀಕ್ಷೆ ಪಡೆದವರು ಈ ಭಾಗವನ್ನು ಓದುವಾಗ ತುಸು ತಲೆ ತಗ್ಗಿಸಬೇಕಾಗುತ್ತದೆ.

ಹೆದರುವುದೇ ಅವಿಶ್ವಾಸವೆಂದು ನಮ್ಮಲ್ಲಿ ಕೆಲವರು ತಿಳಿದಿದ್ದಾರೆ. ಹಾಗಾದರೆ ಗೆತ್ಸೆಮನಿ ತೋಪಿನ ಆ ರಾತ್ರಿಯನ್ನು ಏನೆಂದು ಕರೆಯೋಣ? ನಮ್ಮ ಪ್ರಭುವೇ ಅಲ್ಲಿ ಕಳವಳಗೊಂಡರು, ನೆಲಕ್ಕೆ ಬಿದ್ದು ಪ್ರಾರ್ಥಿಸಿದರು, ಆ ಪಾತ್ರೆ ತಮ್ಮಿಂದ ತೊಲಗಲೆಂದು ಕೇಳಿಕೊಂಡರು. ಅನಂತರ ಎದ್ದು, ಹಿಡಿಯಲು ಬಂದವರ ಕಡೆಗೆ ತಾವೇ ನಡೆದರು. ಭಯ ಹೋದ ಮೇಲೆ ನಡೆಯುತ್ತೇನೆಂದು ಕಾಯುವವನು ದಡದಲ್ಲೇ ಗುಡಿಸಲು ಕಟ್ಟಿಕೊಳ್ಳಬೇಕಾದೀತು.

ಇದು ಪವಿತ್ರ ಗ್ರಂಥದ ಕಾಲದ ಮಾತಷ್ಟೇ ಎಂದು ಯಾರೂ ಭಾವಿಸಬಾರದು. ನಮ್ಮ ಕರಾವಳಿಯಲ್ಲಿ ನಡೆದಾಡಿದ ಸಂತರೊಬ್ಬರಿದ್ದಾರೆ. 1651ರಲ್ಲಿ ಗೋವೆಯಲ್ಲಿ ಜನಿಸಿದ ಸಂತ ಜೋಸೆಫ್ ವಾಜ್‌ರು 1681ರಿಂದ 1684ರವರೆಗೆ ಕೆನರಾ ಸೀಮೆಯಲ್ಲಿ ಸೇವೆ ಮಾಡಿದರು. ಮಂಗಳೂರಿನ ಸಮೀಪದ ಮುಡಿಪು ಬೆಟ್ಟದಲ್ಲಿರುವ ಅವರ ಪುಣ್ಯಕ್ಷೇತ್ರಕ್ಕೆ ನಿಮ್ಮಲ್ಲಿ ಅನೇಕರು ಹೋಗಿ ಬಂದಿದ್ದೀರಿ. ಆ ಕಾಲದಲ್ಲಿ ಸಿಂಹಳದ ಕರಾವಳಿ ಡಚ್ಚರ ಕೈಯಲ್ಲಿತ್ತು. 1658ರಲ್ಲಿ ಯಾಳ್ಪಾಣ ಅವರ ವಶವಾದ ಮೇಲೆ ಸುಮಾರು 30 ವರ್ಷ ಅಲ್ಲಿನ ಕಥೋಲಿಕರಿಗೆ ಬಲಿಪೂಜೆಯಿಲ್ಲ, ಗುರುಗಳಿಲ್ಲ. ಗುರುಗಳು ಕಾಲಿಡುವುದೇ ಅಪರಾಧ. 1687ರಲ್ಲಿ ವಾಜ್‌ರು ಕೂಲಿಯವನ ವೇಷದಲ್ಲಿ, ಒಬ್ಬ ಸೇವಕನೊಡನೆ ಅಲ್ಲಿಗೆ ತಲುಪಿದರು. ತಲುಪುತ್ತಲೇ ಭೇದಿ ಹತ್ತಿ ಸಾಯುವ ಸ್ಥಿತಿಗೆ ಬಂದರು. ಚೇತರಿಸಿಕೊಂಡ ಮೇಲೆ ಕೊರಳಿಗೆ ಜಪಸರ ಹಾಕಿಕೊಂಡು ಮನೆಮನೆಗೆ ಭಿಕ್ಷೆಗೆ ಹೊರಟರು. ಯಾರ ಕಣ್ಣು ಆ ಜಪಸರದ ಮೇಲೆ ನಿಲ್ಲುವುದೋ ಆ ಮನೆ ನಮ್ಮವರದೆಂದು ತಿಳಿಯುವ ಉಪಾಯವದು. ಅದೇ ಜಪಸರವನ್ನು ವೈರಿಯೂ ನೋಡಬಹುದಾಗಿತ್ತು. 1692ರಲ್ಲಿ ಕ್ಯಾಂಡಿಗೆ ಹೋದಾಗ ಪೋರ್ಚುಗೀಸರ ಗೂಢಚಾರನೆಂದು ಅವರನ್ನು ಸೆರೆಯಲ್ಲಿಟ್ಟರು.

1697ರಲ್ಲಿ ಕ್ಯಾಂಡಿಯಲ್ಲಿ ಸಿಡುಬು ಹಬ್ಬಿತು. ಜನರು ತಮ್ಮವರನ್ನೇ ತೊರೆದು ಪಟ್ಟಣ ಬಿಟ್ಟು ಹೋದರು. ವಾಜ್‌ರು ತಮ್ಮ ಸಹಗುರುವಿನೊಡನೆ ಅಲ್ಲಿಯೇ ನಿಂತರು. ತೊರೆಯಲ್ಪಟ್ಟವರಿಗೆ ಗಂಜಿ ಕೊಟ್ಟು, ಹುಣ್ಣು ತೊಳೆದು, ಸತ್ತವರನ್ನು ಮಣ್ಣು ಮಾಡಿದರು. ಆ ರೋಗಿಗಳ ಮತ ಯಾವುದೆಂದು ಅವರು ನೋಡಲಿಲ್ಲ. 1711ರ ಜನವರಿ 16ರಂದು ಕ್ಯಾಂಡಿಯಲ್ಲಿಯೇ ತೀರಿಕೊಂಡ ಅವರನ್ನು ಜಗದ್ಗುರು ಫ್ರಾನ್ಸಿಸರು 2015ರಲ್ಲಿ ಕೊಲಂಬೋದಲ್ಲಿ ಸಂತರೆಂದು ಘೋಷಿಸಿದರು. ಆ ಜನವರಿಯಲ್ಲಿ ಈ ಪೀಠದ ಮುಂದೆ ನಿಂತು, ಸಿಡುಬಿನ ಈ ಪ್ರಸಂಗವನ್ನು ನಾವು ಬಹು ಉತ್ಸಾಹದಿಂದ ವರ್ಣಿಸಿದ್ದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು.

ಆರು ವರ್ಷಗಳ ಮೇಲೆ, 2021ರ ಮೇ ತಿಂಗಳು, ಕೊರೊನಾ ಎರಡನೆಯ ಅಲೆ. ಒಂದು ಸಂಜೆ ನಮ್ಮ ಹಿರಿಯ ವಿಶ್ವಾಸಿಯೊಬ್ಬರ ಮನೆಯಿಂದ ಕರೆ ಬಂತು. ಉಸಿರು ಕಟ್ಟುತ್ತಿದೆ, ಅಭ್ಯಂಗ ಬೇಕು. ಅವರು ನಮ್ಮ ದೇವಾಲಯದ ಗಂಟೆಯನ್ನು ಬಹುಕಾಲ ಬಾರಿಸಿದವರು. ರಕ್ಷಣೆಯ ಉಡುಪು, ಮುಖಗವಸು ಎಲ್ಲವೂ ಗುರುನಿವಾಸದ ಪಡಸಾಲೆಯಲ್ಲೇ ಇದ್ದವು. ಎಚ್ಚರಿಕೆ ಬೇರೆ, ಭಯ ಬೇರೆ. ಎಚ್ಚರಿಕೆಗೆ ಬೇಕಾದುದೆಲ್ಲ ನಮ್ಮ ಕೈಯಲ್ಲಿತ್ತು. ಆದರೂ, ವೈದ್ಯರನ್ನು ಒಂದು ಮಾತು ಕೇಳಿ ಬೆಳಿಗ್ಗೆ ಬರುತ್ತೇವೆಂದು ಹೇಳಿದೆವು. ವಯಸ್ಸು, ಸಕ್ಕರೆ ಕಾಯಿಲೆ ಎಂದು ನಮಗೆ ನಾವೇ ಕಾರಣಗಳನ್ನು ಹೇಳಿಕೊಂಡೆವು. ಬೆಳಗಾಗುವ ಮೊದಲೇ ಅವರು ಹೋಗಿಬಿಟ್ಟರು.

ಮಣ್ಣು ಮಾಡಲು ನಮ್ಮ ಯುವಕರು ನಾಲ್ವರು ಬಂದರು. ಅವರಲ್ಲಿ ಒಬ್ಬನ ಕೈ ಕವಚದ ಗುಂಡಿ ಹಾಕಲಾರದಷ್ಟು ನಡುಗುತ್ತಿತ್ತು, ಪಕ್ಕದವನು ಹಾಕಿಕೊಟ್ಟನು. “ಸ್ವಾಮಿ, ನೀವು ಗೇಟಿನ ಹತ್ತಿರವೇ ನಿಂತು ಪ್ರಾರ್ಥನೆ ಹೇಳಿ, ನಾವು ನೋಡಿಕೊಳ್ಳುತ್ತೇವೆ” ಎಂದರು. ಆ ದಿನ ಹೊಳೆಗೆ ಮೊದಲು ಇಳಿದವರು ಅವರು. ಗುರುಗಳು ದಡದಲ್ಲಿದ್ದರು.

ತಿಂಗಳುಗಳ ಮೇಲೆ ದೇವಾಲಯದ ಬಾಗಿಲು ತೆರೆದಾಗ ನಾವು ಆ ತಾಯಿಯ ಮನೆಗೆ ಹೋಗಿ ಕ್ಷಮೆ ಬೇಡಿದೆವು. ಆಕೆ ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, “ನನಗೂ ಭಯ ಇತ್ತು ಸ್ವಾಮಿ. ಆದರೂ ಅವರ ಕೈ ಹಿಡಿದುಕೊಂಡೇ ಕೂತಿದ್ದೆ. ನೀವು ಬಂದಿದ್ದರೆ ಇಬ್ಬರೂ ಹೆದರಿಕೊಂಡೇ ಕೂರಬಹುದಾಗಿತ್ತು” ಎಂದರು. ನಮ್ಮ ಗುರುಜೀವನದಲ್ಲಿ ಇದಕ್ಕಿಂತ ಕಠಿಣವಾದ, ಇದಕ್ಕಿಂತ ಮೃದುವಾದ ಮಾತನ್ನು ನಮಗೆ ಯಾರೂ ಹೇಳಿಲ್ಲ. ಆಕೆಯ ಒಪ್ಪಿಗೆ ಪಡೆದೇ ಇದನ್ನು ಇಲ್ಲಿ ಹೇಳುತ್ತಿದ್ದೇವೆ.

ಮರುವರ್ಷ ಜನವರಿಯಲ್ಲಿ ಮತ್ತೆ ರೋಗ ಹೆಚ್ಚಿದಾಗ ಇನ್ನೊಂದು ಮನೆಯಿಂದ ಕರೆ ಬಂತು. ಧೈರ್ಯ ಬಂದಿತ್ತೆಂದು ಹೇಳಿದರೆ ಸುಳ್ಳಾದೀತು. ತೈಲದ ಭರಣಿಯ ಮುಚ್ಚಳ ತೆಗೆಯುವಾಗ ನಮ್ಮ ಬೆರಳುಗಳು ಆ ಯುವಕನ ಬೆರಳುಗಳಂತೆಯೇ ನಡುಗಿದವು. ಆದರೆ ನಾವು ಆ ಮಂಚದ ಬಳಿ ಇದ್ದೆವು.

ಈ ದೇವಾಲಯಕ್ಕೆ ಅಡಿಗಲ್ಲು ಹಾಕಿದ ಹಿರಿಯರು 1918ರ ಇನ್‌ಫ್ಲುಯೆಂಜಾವನ್ನು ಕಂಡವರು. ಮನೆಯಲ್ಲಿ ಸಾವನ್ನು ಕಂಡು, ಮುಂದೇನೆಂದು ತಿಳಿಯದೆ ಇದ್ದಾಗಲೂ ಕಲ್ಲು ಹೊತ್ತರು. ಅವರು ಹೆದರಿರಲಿಲ್ಲವೆಂದು ಸ್ಮರಣ ಸಂಚಿಕೆಯಲ್ಲಿ ಯಾರೂ ಬರೆಯದಿರಲಿ.

ನಾಳೆ ಬೆಳಗಿನ ಬಲಿಪೂಜೆಯ ನಂತರ ನಾವು ಸ್ಮಶಾನಕ್ಕೆ ಹೋಗಿ, ಆ ಗಂಟೆ ಬಾರಿಸುತ್ತಿದ್ದ ಹಿರಿಯರ ಸಮಾಧಿಯ ಬಳಿ ಗೇಟಿನಿಂದ ಹೇಳಿದ ಪ್ರಾರ್ಥನೆಯನ್ನು ಮತ್ತೊಮ್ಮೆ ಹತ್ತಿರದಿಂದ ಹೇಳುವವರಿದ್ದೇವೆ. ಆ ನಾಲ್ವರು ಯುವಕರಿಗೆ ಹೇಳಿ ಕಳುಹಿಸಿದ್ದೇವೆ. ಬರಲು ಅನುಕೂಲವಿದ್ದವರು ನಮ್ಮೊಡನೆ ಬನ್ನಿರಿ.